ನಾರ್ಬರ್ಟನ ಗರಾಜಿನಲ್ಲಿ ಕೋರಂ

ಇದು ನಡೆದ ಸಂಗತಿ. ನಂಬದವರು ಪೈಕ್ ಹಾರ್ಬರಿಗೆ ಬಂದು ನಾರ್ಬರ್ಟ್ ವಾನೆಕ್‌ನ ಗರಾಜಿನ ಬಾಗಿಲ ಮೇಲಿರುವ ಮೊಳೆಯ ತೂತುಗಳನ್ನು ಮುಟ್ಟಿ ನೋಡಬಹುದು. ನಂಬುವವರು ಬರುವುದು ಬೇಡ. ಊರು ಚಿಕ್ಕದು, ಗಾಡಿ ನಿಲ್ಲಿಸಲು ಜಾಗವಿಲ್ಲ. ಹೇಳುವಾಗ ಉಪ್ಪು ಖಾರ ಒಂದಿಷ್ಟು ಮುಂದಾದರೆ ಅದು ಹೇಳುವವನ ಕೈಗುಣ, ಕಥೆಯ ತಪ್ಪಲ್ಲ.

ನಾರ್ಬರ್ಟನಿಗೂ ಕಲೆಗೂ ಇದ್ದ ನಂಟೆಲ್ಲ ಅಂಗಿಯ ಮೇಲಿನದು. ಎದೆಯ ಮೇಲೆ ಸಾಸಿವೆ ಗೊಜ್ಜಿನ ಕಲೆ, ತೋಳಿನ ಮೇಲೆ ಗ್ರೀಸಿನ ಕಲೆ. ಕಾಗದದ ಕಾರ್ಖಾನೆಯ ಬಾಯ್ಲರ್ ನೋಡಿಕೊಂಡು ನಿವೃತ್ತನಾದ ಮನುಷ್ಯ. ಅಂಥವನು ನಗರ ಕಲಾ ಆಯೋಗದ ಸದಸ್ಯನಾದ ಎಂದರೆ ಆ ಯೋಗವೇ ಬೇರೆ ಇರಬೇಕು.

ಆದದ್ದು ಇಷ್ಟೇ. ಪ್ರತಿ ಚಳಿಗಾಲದಲ್ಲೂ ಹಿಮ ತಳ್ಳುವ ನಗರಸಭೆಯ ಗಾಡಿ ಬಂದು ಅವನ ಮನೆಯ ಮುಂದಿನ ಟಪಾಲು ಡಬ್ಬಿಗೆ ಗುದ್ದಿ ಹೋಗುತ್ತಿತ್ತು. ಈ ಸಲ ದೂರು ಕೊಟ್ಟೇ ತೀರುತ್ತೇನೆಂದು ನಗರಸಭೆಗೆ ಹೋದವನು, ರಸ್ತೆ ಸಮಿತಿಯ ಕೋಣೆ ಹುಡುಕುತ್ತಾ ಮೇಯರ್ ಕೂತಿದ್ದ ದೊಡ್ಡ ಸಭಾಂಗಣಕ್ಕೆ ನುಗ್ಗಿ ಕೂತ. ಅಲ್ಲಿ ಸಭೆಗೆ ಮುಂಚೆ ಯಾರು ಬೇಕಾದರೂ ಎದ್ದು ಮೂರು ನಿಮಿಷ ಮಾತಾಡಬಹುದು; ಮುಗಿದ ಕೂಡಲೇ ಗಡಿಯಾರ ಗಂಟೆ ಬಾರಿಸಿ ಕೂರಿಸುತ್ತದೆ. ನಾರ್ಬರ್ಟ್ ಎದ್ದ.

"ಅದು ಅಂಗಡೀಲಿ ಕೊಂಡ ಡಬ್ಬಿ ಅಲ್ಲ, ಮೇಯರೇ. ನನ್ನ ಹೆಂಡ್ತಿ ತಮ್ಮ ಕ್ಲೀಟಸ್ ಮರದಲ್ಲಿ ಕೆತ್ತಿದ ಪೈಕ್ ಮೀನು. ಬಾಯಿ ತೆಗೆದ್ರೆ ಕಾಗದ ಹಾಕಬಹುದು. ವರ್ಷಾ ವರ್ಷಾ ನಿಮ್ಮ ಗಾಡಿ ಬಂದು ಅದರ ಮೂತಿ ಮುರೀತದೆ. ಒಂದು ಊರು ತನ್ನ ಮೀನಿನ ಮೂತೀನೇ ಕಾಪಾಡ್ಕೊಳ್ಳಲಿಲ್ಲ ಅಂದ್ರೆ ಇನ್ನೇನು ಕಾಪಾಡ್ಕೊಳ್ತದೆ?"

ಗಂಟೆ ಹೊಡೆಯಿತು. ಮೇಯರ್ ಕನ್ನಡಕ ತೆಗೆದು ಒರೆಸಿಕೊಂಡ. ಕಲಾ ಆಯೋಗದಲ್ಲಿ ಒಂದು ಕುರ್ಚಿ ಎಷ್ಟೋ ತಿಂಗಳಿಂದ ಖಾಲಿಯಿತ್ತು, ಒಬ್ಬನೂ ಅರ್ಜಿ ಹಾಕಿರಲಿಲ್ಲ. "ಸ್ಥಳೀಯ ಕಲೆಯ ಬಗ್ಗೆ ಇಷ್ಟು ಕಳಕಳಿ ಇರೋರು ನಮಗೆ ಬೇಕು," ಎಂದ ಮೇಯರ್. ಎಲ್ಲರೂ ಕೈ ಎತ್ತಿದರು. ಡಬ್ಬಿ ರಿಪೇರಿಗೆ ಕೈ ಎತ್ತುತ್ತಿದ್ದಾರೆಂದು ತಿಳಿದು ನಾರ್ಬರ್ಟ್ ಎಲ್ಲರಿಗೂ ತಲೆಬಾಗಿ ಧನ್ಯವಾದ ಹೇಳಿದ. ಅಷ್ಟಕ್ಕೆ ಕೆಲಸ ಮುಗಿಯಿತು.

"ಡಬ್ಬಿ ಏನಾಯ್ತು?" ಎಂದಳು ಹೆಂಡತಿ ಲವರ್ನ್, ಅವನು ಮನೆಗೆ ಬಂದಾಗ.

"ಡಬ್ಬಿದು ಗೊತ್ತಿಲ್ಲ. ನಾನು ಕಲಾ ಆಯೋಗದಲ್ಲಿ ಇದ್ದೀನಂತೆ."

"ಯಾವ ಕಲೆ?"

"ಅದನ್ನ ಅವರು ಹೇಳಲಿಲ್ಲ."

ಲವರ್ನ್ ನಗುತ್ತಾಳೆಂದುಕೊಂಡಿದ್ದ. ಅವಳು ಒಲೆ ಆರಿಸಿ, ಕೈ ಒರೆಸಿಕೊಂಡು ಎದುರಿಗೆ ಬಂದು ಕೂತಳು. "ಹಾಗಾದ್ರೆ ಗುರುವಾರದ ವಿಷಯ ಈಗ ನಿನ್ನ ಕೈಲೂ ಇದೆ ಅನ್ನು," ಎಂದಳು.

ಗುರುವಾರದ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಸರೋವರದ ದಡದಲ್ಲಿ ಮರದ ನೆಲದ ಒಂದು ಹಳೆಯ ಮಂಟಪವಿದೆ. ಒಂದು ಕಾಲಕ್ಕೆ ಬೇಸಿಗೆಯ ಗುರುವಾರ ಸಂಜೆಗಳಲ್ಲಿ ಅಲ್ಲಿ ಜೋಡಿ ಜೋಡಿಯಾಗಿ ಪೋಲ್ಕಾ ಕುಣಿತ. ಕಾನ್ಸರ್ಟಿನಾ ಎಂಬ ವಾದ್ಯ, ನಮ್ಮ ಹಾರ್ಮೋನಿಯಮ್ಮಿನ ಚಿಕ್ಕಮ್ಮನ ಮಗಳಂಥದ್ದು, ಎರಡು ಕೈಯಲ್ಲೂ ಹಿಡಿದು ಹಿಗ್ಗಿಸಿ ಕುಗ್ಗಿಸಿ ನುಡಿಸುವುದು. ಅದನ್ನು ನುಡಿಸುತ್ತಿದ್ದವಳು ಲವರ್ನ್. ಕುಣಿಯುತ್ತಾ ಬಂದು ಅವಳ ಕಾಲು ತುಳಿದು, ಕ್ಷಮೆ ಕೇಳುವ ನೆಪದಲ್ಲಿ ಮದುವೆಯವರೆಗೂ ಹೋದವನು ನಾರ್ಬರ್ಟ್. ಆಮೇಲೆ ಮಂಟಪಕ್ಕೆ ಬೀಗ ಬಿತ್ತು. ಕಾನ್ಸರ್ಟಿನಾ ಅಡುಗೆಮನೆಯ ಕಪಾಟಿನ ಮೇಲೆ ಕೂತಿತು.

ಈಗ ಕಲಾ ಆಯೋಗ ಊರಿನ ಹತ್ತು ವರ್ಷದ ಸಂಸ್ಕೃತಿ ಯೋಜನೆ ಬರೆಯುತ್ತಿತ್ತು. ಆಯೋಗ ಎಂದರೆ ನೀರಿನ ಟ್ಯಾಂಕಿಗೆ ಯಾವ ಬಣ್ಣ, ಚೌಕದಲ್ಲಿ ಯಾರ ಬೊಂಬೆ, ಬೇಸಿಗೆಯಲ್ಲಿ ಎಲ್ಲಿ ಯಾರ ಹಾಡು ಎಂಬುದನ್ನೆಲ್ಲ ಸಂಬಳವಿಲ್ಲದೆ ಜಗಳವಾಡಿ ನಿರ್ಧರಿಸುವ ಐದು ಜನ. ಅಧ್ಯಕ್ಷೆ ಮಿಸೆಸ್ ಸ್ಟೈಂಕೆ, ಅರ್ಧ ಊರಿಗೆ ಸಂಗೀತ ಕಲಿಸಿದ ಟೀಚರ್. ಎರಡನೆಯವನು ಮೀನು ಕೆತ್ತುವ ಕ್ಲೀಟಸ್. ಮೂರನೆಯವಳು ಬೇಕರಿಯ ಪಾಹುವಾ ಲೋರ್. ಅವಳ ಅಮ್ಮ ಲಾವೋಸಿನ ಬೆಟ್ಟಗಳಿಂದ ಹೊತ್ತು ತಂದಿದ್ದ, ಬಟ್ಟೆಯ ಮೇಲೆ ಕಥೆ ಹೇಳುವ ಕಸೂತಿಯನ್ನು ಬ್ರೆಡ್ಡು ಬೇಯುವ ಹೊತ್ತಿನಲ್ಲಿ ಹಾಕುವವಳು. ನಾಲ್ಕನೆಯವರು ಹಲ್ಲಿನ ಡಾಕ್ಟರು. ಅವರು ಚಳಿ ಶುರುವಾದರೆ ಫ್ಲಾರಿಡಾಕ್ಕೆ ಹೋಗುತ್ತಾರೆ, ಪೈಕ್ ಹಾರ್ಬರಿನಲ್ಲಿ ಚಳಿ ಯಾವಾಗಲೂ ಶುರುವಾಗುತ್ತಲೇ ಇರುತ್ತದೆ. ಐದನೆಯವನು ನಮ್ಮ ನಾರ್ಬರ್ಟ್. ಮಂಟಪದಲ್ಲಿ ಮತ್ತೆ ಗುರುವಾರದ ಕುಣಿತ ನಡೆಸಬೇಕೆಂದು ಟೀಚರ್ ಕರಡಿನಲ್ಲಿ ಬರೆದಿದ್ದರು. ಮೇ ತಿಂಗಳಲ್ಲಿ ಮತ.

ಎದುರು ಪಕ್ಷವೂ ಇತ್ತು. ಎಲ್ಡನ್ ಬುಕ್‌ಹೋಲ್ಟ್ ಎಂಬಾತನಿಗೆ ಆ ಮಂಟಪದಲ್ಲಿ ಪಿಕಲ್‌ಬಾಲ್ ಆಡಬೇಕಿತ್ತು. ಹೆಸರಿನಲ್ಲಿ ಉಪ್ಪಿನಕಾಯಿ ಇದ್ದೂ ಅನ್ನಕ್ಕೆ ಕಲಸಲು ಬಾರದ, ಬ್ಯಾಟಿನಿಂದ ಚೆಂಡು ಹೊಡೆಯುವ ಆಟ ಅದು.

ಹೊಸ ಸದಸ್ಯನಿಗೆ ಕಾಯಿದೆ ಕಲಿಸಲು ನಗರಸಭೆಯ ವಕೀಲ ಥೋರ್ಸನ್ ಬಂದ. ಪಕ್ಕದ ಊರಿನವನು, ತಿಂಗಳಿಗೊಮ್ಮೆ ಬರುವವನು. ಪ್ರತಿ ಮಾತನ್ನೂ 'ಹಾಗೆ ನೋಡಿದರೆ' ಎಂದು ಶುರುಮಾಡಿ, ಮುಖ್ಯ ಪದದ ಮುಂದೆ ಒಂದು ಕೆಮ್ಮು ಇಡುವುದು ಅವನ ಪದ್ಧತಿ. ನಾರ್ಬರ್ಟ್ ಮೊದಲು ಕೇಳಿದ್ದು ತನ್ನ ಹೆಂಡತಿ ವಾದ್ಯ ನುಡಿಸುವ ವಿಷಯಕ್ಕೆ ತಾನು ಮತ ಹಾಕಬಹುದೇ ಎಂದು. ಅವಳಿಗೆ ಅದರಿಂದ ಕಾಸು ಬರುತ್ತದೆಯೇ ಎಂದು ವಕೀಲ ಕೇಳಿದ. "ಬೆನ್ನುನೋವು ಬರುತ್ತೆ," ಎಂದ ನಾರ್ಬರ್ಟ್. ಬೆನ್ನುನೋವಿಗೆ ಕಾಯಿದೆಯ ಅಡ್ಡಿ ಇರಲಿಲ್ಲ.

"ಹಾಗೆ ನೋಡಿದರೆ," ಎಂದು ವಕೀಲ ಮುಂದುವರಿಸಿದ, "ಐದು ಜನರಲ್ಲಿ ಮೂರು ಜನ ಸೇರಿದರೆ, ಹ್ಹೆಂ, ಕೋರಂ. ಮೂರು ಜನ ಒಂದು ಕಡೆ ಸೇರಿ ಆಯೋಗದ ವಿಷಯ ಮಾತಾಡಿದರೆ ಅದು, ಹ್ಹೆಂ, ಸಭೆ. ಅದು ಹೋಟೆಲ್ಲಾಗಲಿ, ದೋಣಿಯಾಗಲಿ. ಸಭೆ ಅಂದಮೇಲೆ ಹಿಂದಿನ ದಿನವೇ ನಗರಸಭೆಯ ಬಾಗಿಲಿಗೆ ಸೂಚನೆ ಹಚ್ಚಬೇಕು. ಜನರನ್ನು ಒಳಗೆ ಬಿಡಬೇಕು. ಇಲ್ಲವಾದರೆ ಯಾರಾದರೂ ದೂರು ಕೊಟ್ಟು ಆಮೇಲಿನ ಮತವನ್ನೇ, ಹ್ಹೆಂ, ರದ್ದು ಮಾಡಿಸಬಹುದು."

'ರದ್ದು' ಎಂಬುದು ನಾರ್ಬರ್ಟನ ಎದೆಗೆ ಹೊಕ್ಕು ಕೂತಿತು. ಆಯೋಗದ ವಿಷಯ ಮಾತಾಡದಿದ್ದರೆ ಆಯಿತಲ್ಲ, ಎಂದು ನೀವು ನಾನು ಸಮಾಧಾನಪಟ್ಟುಕೊಳ್ಳುತ್ತಿದ್ದೆವು. ಆದರೆ ನಾರ್ಬರ್ಟ್ ಆ ರಾತ್ರಿ ಯೋಜನೆಯ ಕರಡು ತೆಗೆದು ಓದಿದ. ಮೊದಲ ಪುಟದಲ್ಲೇ ಟೀಚರ್ ಭಾವುಕರಾಗಿ ಬರೆದಿದ್ದರು: ನಾವು ಕೂಡಿ ಉಣ್ಣುವುದು, ಕೂಡಿ ಹಾಡುವುದು, ಕೂಡಿ ಮೀನು ಹಿಡಿಯುವುದು, ಕೂಡಿ ಜಗಳವಾಡುವುದು, ಎಲ್ಲವೂ ಈ ಊರಿನ ಸಂಸ್ಕೃತಿಯೇ. ಸಂಸ್ಕೃತಿ ಎಂದರೆ ಆಯೋಗದ ವಿಷಯ. ಅಂದಮೇಲೆ ಉಪ್ಪು ಕೊಡು ಎಂದರೂ ಆಯೋಗದ ವಿಷಯವೇ. ಬಾಯ್ಲರಿನ ಒತ್ತಡ ಲೆಕ್ಕಹಾಕಿದ ತಲೆ ಅದು, ಒಂದು ಕಡೆಯೂ ಸೋರದ ತರ್ಕ.

ಮೊದಲ ಪೆಟ್ಟು ಬಿದ್ದದ್ದು ಶುಕ್ರವಾರದ ಮೀನಿಗೆ. ಶುಕ್ರವಾರ ಸಂಜೆ ಇಡೀ ಊರು ಕರಿದ ಮೀನು ತಿನ್ನಲು ರೋಮನ್‌ನ ಹೋಟೆಲಿನಲ್ಲಿ ಸೇರುತ್ತದೆ. ನಾರ್ಬರ್ಟ್, ಲವರ್ನ್, ಕ್ಲೀಟಸ್ ಒಂದು ಮೇಜಿನಲ್ಲಿದ್ದರು. ಟೀಚರ್ ಬಂದು, "ಇಲ್ಲೊಂದು ಜಾಗ ಇದೆಯಲ್ಲ," ಎಂದು ಕೋಟು ಬಿಚ್ಚತೊಡಗಿದರು.

ನಾರ್ಬರ್ಟ್ ತಟ್ಟೆ ಹಿಡಿದು ಎದ್ದುನಿಂತ. "ಟೀಚರ್, ನೀವು ಕೂತರೆ ಮೂರಾಗ್ತೀವಿ."

"ನಾಲ್ಕಾಗ್ತೀವಿ. ಲೆಕ್ಕದಲ್ಲಿ ನೀನು ಯಾವಾಗ್ಲೂ ಹಿಂದೆ, ನಾರ್ಬರ್ಟ್."

"ಲವರ್ನ್ ಲೆಕ್ಕಕ್ಕಿಲ್ಲ."

"ಏನಂದೆ?" ಎಂದಳು ಲವರ್ನ್.

"ಕಾಯಿದೆ ಪ್ರಕಾರ ಹೇಳ್ದೆ. ಯಾರೂ ಏನೂ ಮಾತಾಡಬೇಡಿ."

"ಈ ಮೀನು ಚೆನ್ನಾಗಿದೆ," ಎಂದ ಕ್ಲೀಟಸ್.

ನಾರ್ಬರ್ಟ್ ಬೆಂಕಿ ಬಿದ್ದವನಂತೆ ಹೊರಟ. ಉಳಿದ ಮೀನನ್ನು ತನ್ನ ಪಿಕಪ್ ಗಾಡಿಯಲ್ಲಿ ಕೂತು, ಕಿಟಕಿಯ ಗಾಜಿನ ಮೇಲೆ ಏಪ್ರಿಲ್ ತಿಂಗಳ ಹಸಿ ಹಿಮ ಬೀಳುವುದನ್ನು ನೋಡುತ್ತಾ ತಿಂದ. ಒಳಗಿನಿಂದ ಇಡೀ ಊರು ಕಿಟಕಿಗೆ ಮೂಗು ಒತ್ತಿ ಅವನನ್ನು ನೋಡಿತು. ಶನಿವಾರ ಬೆಳಿಗ್ಗೆ ಹೊತ್ತಿಗೆ ಲವರ್ನ್ ಅವನನ್ನು ಬಿಟ್ಟಳೆಂದು ಸುದ್ದಿ. ಮಧ್ಯಾಹ್ನಕ್ಕೆ ಅವನೇ ಅವಳನ್ನು ಬಿಟ್ಟನೆಂದು ತಿದ್ದುಪಡಿ. ಸಂಜೆಗೆ ನೆರೆಹೊರೆಯ ಹೆಂಗಸರು ಆಲೂಗಡ್ಡೆ ಬೇಯಿಸಿ ತಂದು ಲವರ್ನ್‌ಳ ಕೈಹಿಡಿದು, "ಗಟ್ಟಿಯಾಗಿರಮ್ಮಾ," ಎಂದರು. ಗಂಡಸರು ಒಬ್ಬೊಬ್ಬರಾಗಿ ನಾರ್ಬರ್ಟನ ಹೆಗಲು ತಟ್ಟಿ ತಮ್ಮ ಮನೆಯ ನೆಲಮಾಳಿಗೆಯಲ್ಲಿ ಒಂದು ಸೋಫಾ ಖಾಲಿಯಿದೆ ಎಂದು ಪಿಸುಗುಟ್ಟಿದರು.

ಭಾನುವಾರ ಇನ್ನೂ ಕಷ್ಟ. ಚರ್ಚಿನಲ್ಲಿ ಆರ್ಗನ್ ನುಡಿಸುವವರು ಟೀಚರ್, ದಪ್ಪ ದನಿಯಲ್ಲಿ ಹಾಡುವವನು ಕ್ಲೀಟಸ್. ನಾರ್ಬರ್ಟ್ ಒಳಗೆ ಕಾಲಿಟ್ಟರೆ ಮೂವರು, ಅದೂ ಸಂಗೀತ ನಡೆಯುತ್ತಿರುವಾಗ. ಅವನು ಹೊರಬಾಗಿಲಲ್ಲೇ ಟೋಪಿ ಹಿಡಿದು ನಿಂತ. ಪಾದ್ರಿ ಡೊಂಬೆಕ್ ಪೂಜೆ ಮುಗಿಸಿ ಬಂದವರು ಅವನನ್ನು ಮೇಲಿಂದ ಕೆಳಗೆ ನೋಡಿದರು.

"ನಾರ್ಬ್, ನೀನು ಒಳಗಿದ್ದೀಯೋ ಹೊರಗಿದ್ದೀಯೋ?"

"ನಂಬಿಕೆಯಿಂದ ಒಳಗೇ ಇದ್ದೀನಿ ಫಾದರ್. ಕಾಯಿದೆಯಿಂದ ಹೊರಗಿದ್ದೀನಿ."

"ದೇವರು ಕೋರಂ ಎಣಿಸೋದಿಲ್ಲ ಮಗು."

"ತಂದೆ, ಮಗ, ಪವಿತ್ರಾತ್ಮ ಅಂತ ಆತನೇ ಮೂವರು, ಫಾದರ್. ಆತನೇ ಎಣಿಸಬೇಕು."

ಪಾದ್ರಿ ಆ ವಾರವೆಲ್ಲ ಇದಕ್ಕೊಂದು ಉತ್ತರ ಹುಡುಕಿದರೆಂದು ಹೇಳುತ್ತಾರೆ.

ಊರು ಇದನ್ನೆಲ್ಲ ಸಹಿಸಿತು. ಸಹಿಸಲಾಗದ್ದು ಮಂಗಳವಾರ ಬಂತು. ಮಂಗಳವಾರ ಸಂಜೆ ನಾರ್ಬರ್ಟನ ಗರಾಜಿನಲ್ಲಿ ಇಸ್ಪೀಟು. ಕುರಿತಲೆ ಎಂಬ ಅರ್ಥದ ಹೆಸರಿನ ಆಟ. ಅದರಲ್ಲಿ ರಾಜನಿಗಿಂತ ರಾಣಿಗೆ ಬೆಲೆ ಹೆಚ್ಚು, ಆದ್ದರಿಂದ ಅದು ಸಂಸಾರಸ್ಥರ ಆಟ. ಆಡುವವರು ನಾರ್ಬರ್ಟ್, ಲವರ್ನ್, ಕ್ಲೀಟಸ್, ಟೀಚರ್ ಮತ್ತು ಪಾಹುವಾ. ಹಿಮ ಬೀಳಲಿ, ಮಿಂಚು ಹೊಡೆಯಲಿ, ಮದುವೆಯಿರಲಿ, ಮಂಗಳವಾರದ ಆಟ ತಪ್ಪಿದ್ದಿಲ್ಲ. ಅವತ್ತು ಗರಾಜಿಗೆ ಬಂದವರಿಗೆ ಬಾಗಿಲಲ್ಲಿ ನಾರ್ಬರ್ಟ್ ಅಡ್ಡ ನಿಂತಿದ್ದ.

"ಒಬ್ಬರು ಮಾತ್ರ ಒಳಗೆ ಬನ್ನಿ. ಉಳಿದವರು ಅಂಗಳದಲ್ಲಿ ನಿಂತು ಆಡಿ. ಎಲೆಯನ್ನ ಲವರ್ನ್ ಓಡಾಡಿ ತಂದುಕೊಡ್ತಾಳೆ."

"ಲವರ್ನ್ ಲೆಕ್ಕಕ್ಕಿಲ್ಲ, ಓಡಾಡೋಕೆ ಮಾತ್ರ ಇದ್ದಾಳೆ," ಎಂದಳು ಲವರ್ನ್.

ಪಾಹುವಾ ಬುಟ್ಟಿಯಲ್ಲಿ ಬಿಸಿ ಬಿಸಿ ಕರಿದ ಸುರುಳಿ ತಂದಿದ್ದಳು. "ನಾರ್ಬ್, ನಾನು ಬೆಳಿಗ್ಗೆ ಮೂರಕ್ಕೆ ಎದ್ದು ಹಿಟ್ಟು ನಾದ್ತೀನಿ. ವಾರಕ್ಕೆ ಇದೊಂದೇ ಸಂಜೆ ನನಗಿರೋದು. ಚಳೀಲಿ ನಿಲ್ಲಿಸಬೇಡ."

"ಎಲ್ಲಾ ಲವರ್ನ್‌ಗೋಸ್ಕರ ಕಣಮ್ಮಾ. ಮೇ ತಿಂಗಳ ಮತ ಒಂದು ಮುಗೀಲಿ." ಅದನ್ನು ಕೇಳಿದ ಮೇಲೆ ಯಾರಿಗೂ ಬೈಯಲು ಬಾಯಿ ಬರಲಿಲ್ಲ. ಸುರುಳಿ ತಿನ್ನುತ್ತಾ ಅವರವರ ಮನೆಗೆ ಹೋದರು.

ಕ್ಲೀಟಸ್ ಮಾತ್ರ ಮನೆಗೆ ಹೋಗಿ ಸುಮ್ಮನೆ ಕೂರುವ ಜಾತಿಯವನಲ್ಲ. ಮೀನು ಕೆತ್ತುವುದಕ್ಕಿಂತ ಚೆನ್ನಾಗಿ ಅವನು ಮನುಷ್ಯರನ್ನು ಕೆತ್ತುತ್ತಾನೆ, ಗಂಟಲಿನಲ್ಲಿ. ಮೇಯರ್, ಪಾದ್ರಿ, ಸರೋವರದ ಬಾತುಕೋಳಿ, ಯಾರ ದನಿ ಬೇಕಾದರೂ ತೆಗೆಯಬಲ್ಲ. ಬುಧವಾರ ನಾರ್ಬರ್ಟನ ಫೋನು ರಿಂಗಾಯಿತು.

"ಮಿಸ್ಟರ್ ವಾನೆಕ್? ಹಾಗೆ ನೋಡಿದರೆ ನಾನು, ಹ್ಹೆಂ, ವಕೀಲ ಥೋರ್ಸನ್."

ಫೋನಿನ ಆ ತುದಿಯಲ್ಲಿದ್ದದ್ದು ಯಾರೆಂದು ನಿಮಗೆ ತಿಳಿಯಿತು. ನಾರ್ಬರ್ಟನಿಗೆ ಹೇಳಬೇಡಿ. ಅವನು ಎದ್ದು ನಿಂತು, ಟೋಪಿ ತೆಗೆದು, "ಹೇಳಿ ಸಾರ್," ಎಂದ.

"ನಿಮ್ಮ ಶಿಸ್ತಿನ ಸುದ್ದಿ ಕೇಳಿದೆ. ಸಂತೋಷ. ಆದರೆ ಸಾಲದು. ಮೂವರು ಒಟ್ಟಿಗೆ ತಲೆ ಆಡಿಸಿದರೂ ಅದು, ಹ್ಹೆಂ, ಚರ್ಚೆ."

"ಅಯ್ಯೋ."

"ಒಂದೇ ತಾಳಕ್ಕೆ ಮೂರು ಕಾಲು ಅಲ್ಲಾಡಿದರೆ ಅದು, ಹ್ಹೆಂ, ಒಮ್ಮತ."

"ಹಾಗಾದ್ರೆ ಬದುಕೋದು ಹೇಗೆ ಸಾರ್?"

ಇಲ್ಲಿ ಕ್ಲೀಟಸ್ ತನ್ನ ಲಾಭ ನೋಡಿಕೊಂಡ. "ಅದಕ್ಕೆ ಕಾಯಿದೆಯಲ್ಲೇ ದಾರಿಯಿದೆ. ಮೂವರು ಸೇರುವ ಮುಂಚೆ ಸೂಚನೆ ಹಚ್ಚಿಬಿಡಿ. ಉದಾಹರಣೆಗೆ ನೀವು ಮಂಗಳವಾರ, ಹ್ಹೆಂ, ಇಸ್ಪೀಟು ಆಡುತ್ತೀರಿ ಎಂದಿಟ್ಟುಕೊಳ್ಳಿ."

"ಆಡ್ತೀನಿ ಸಾರ್. ನಿಮಗೆ ಹೇಗೆ ಗೊತ್ತು?"

"ಕಾಯಿದೆಗೆ ಎಲ್ಲ ಗೊತ್ತಿರುತ್ತೆ."

ಸೂಚನೆಯ ಮಾತು ಹೇಳಿದರೆ ನಾರ್ಬರ್ಟ್ ಮನಸ್ಸಿನಲ್ಲೇ ಹಚ್ಚಿಕೊಂಡು ಆಟಕ್ಕೆ ಕೂರುತ್ತಾನೆ ಎಂಬುದು ಕ್ಲೀಟಸನ ಲೆಕ್ಕ. ಆದರೆ ನಾರ್ಬರ್ಟ್ ಸೋಮವಾರ ಬೆಳಿಗ್ಗೆ ನಗರಸಭೆ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದ. ಬಾಯ್ಲರ್ ಕೋಣೆಯ ಗೋಡೆಬರಹದಂಥ ದಪ್ಪ ಅಕ್ಷರದಲ್ಲಿ ಅವನು ಬರೆದುಕೊಂಡು ಬಂದದ್ದು ಹೀಗಿತ್ತು: ನಗರ ಕಲಾ ಆಯೋಗದ ಮೂವರು ಅಥವಾ ಹೆಚ್ಚು ಸದಸ್ಯರು ನಾಳೆ ಸಂಜೆ ನಾರ್ಬರ್ಟ್ ವಾನೆಕ್‌ನ ಗರಾಜಿನಲ್ಲಿ ಸೇರುವ ಸಂಭವವಿದೆ. ಕಾರ್ಯಸೂಚಿ: ಎಲೆ ಕಲಸುವುದು, ಎಲೆ ಹಂಚುವುದು, ಆಟ, ಜಗಳ, ಸಾಸೇಜು, ಸಾರ್ವಜನಿಕರ ಅಭಿಪ್ರಾಯ, ಮುಕ್ತಾಯ. ಇದರದೇ ಒಂದು ಪ್ರತಿಯನ್ನು ತನ್ನ ಗರಾಜಿನ ಬಾಗಿಲಿಗೂ ಮೊಳೆ ಹೊಡೆದು ಬಂದಿದ್ದ.

ನಗರಸಭೆಯ ಗುಮಾಸ್ತೆ ಬರ್ನೀಸ್ ಅದರ ಮೇಲೆ ತಾರೀಖಿನ ಮುದ್ರೆ ಗುದ್ದಿ ಬಾಗಿಲಿಗೆ ಹಚ್ಚಿದಳು. ಆಮೇಲೆ ಯಾರೋ ಕೇಳಿದ್ದಕ್ಕೆ, "ಬಂದದ್ದನ್ನ ಹಚ್ಚೋದು ನನ್ನ ಕೆಲಸ. ಓದೋದು ಊರಿನ ಕೆಲಸ," ಎಂದಳಂತೆ.

ಊರು ಓದಿತು. ಏಪ್ರಿಲ್ ತಿಂಗಳು ಪೈಕ್ ಹಾರ್ಬರಿಗೆ ಬಲು ಬೇಸರದ್ದು. ಸರೋವರದ ಮಂಜುಗಡ್ಡೆಯ ಮೇಲೆ ಕೂರುವಂತಿಲ್ಲ, ನೀರಿಗೆ ದೋಣಿ ಇಳಿಸುವಂತಿಲ್ಲ. ಅಂಥ ಹೊತ್ತಿನಲ್ಲಿ ಬಿಟ್ಟಿ ಸಾಸೇಜು, ಜಗಳ, ಮೇಲೆ ಮಾತಾಡಲು ಅವಕಾಶ. ಮಂಗಳವಾರ ಜನ ಮಡಚುವ ಕುರ್ಚಿ, ಕಂಬಳಿ, ಬಿಯರಿನ ಡಬ್ಬ ಹಿಡಿದು ಬಂದರು. ಗರಾಜು ತುಂಬಿ ಅಂಗಳಕ್ಕೆ ಚೆಲ್ಲಿತು. ಕ್ಲೀಟಸನ ಮುಖದ ಬಣ್ಣ ಹೋಯಿತು. ಮೂರನೇ ಕ್ಲಾಸಿನಿಂದ ಅವನ ಗಂಟಲನ್ನು ಬಲ್ಲ ಟೀಚರ್ ಅವನ ಕಿವಿಯ ಹತ್ತಿರ ಬಾಗಿ, "ವಕೀಲರು ಚೆನ್ನಾಗಿದ್ದಾರಾ ಕ್ಲೀಟಸ್?" ಎಂದರು.

"ಹೇಳಿಬಿಡ್ಲಾ ಟೀಚರ್?"

"ಹೇಳಿದ್ರೆ ಆಟ ನಿಲ್ಲುತ್ತೆ. ಎಲೆ ಹಂಚು."

ಆಟ ನಡೆಯಿತು. ಜಗಳ ಕಾರ್ಯಸೂಚಿಯ ಪ್ರಕಾರವೇ ನಡೆಯಿತು. ಸಾಸೇಜು ಮುಗಿದ ಮೇಲೆ ನಾರ್ಬರ್ಟ್ ಅಡುಗೆಮನೆಯಿಂದ ಮೊಟ್ಟೆ ಬೇಯಿಸುವ ಗಂಟೆ-ಗಡಿಯಾರ ತಂದಿಟ್ಟು, ಗಂಟಲು ಸರಿಮಾಡಿಕೊಂಡು, "ಸಾರ್ವಜನಿಕರ ಅಭಿಪ್ರಾಯ. ತಲಾ ಮೂರು ನಿಮಿಷ," ಎಂದ.

ಹಿಲ್ಡೆಗಾರ್ಡ್ ಅಜ್ಜಿ ಮೊದಲು ಎದ್ದಳು. "ಕ್ಲೀಟಸ್ ರಾಣೀನ ಕೈಯಲ್ಲೇ ಮುಚ್ಚಿಟ್ಕೊಂಡು ಆಡ್ತಾನೆ. ಇವರಪ್ಪನೂ ಹೀಗೇ ಆಡ್ತಿದ್ದ. ಬರ್ಕೊಳ್ಳಿ."

ಟೀಚರ್ ಬರೆದುಕೊಂಡರು.

ಹಿಮ ತಳ್ಳುವ ಗಾಡಿಯ ಡ್ವೇನ್ ಎದ್ದ. "ಎಲ್ಲರೂ ನನ್ನನ್ನೇ ಬೈತೀರಿ. ಆ ಮೀನಿನ ಮೂತಿ ರಸ್ತೆಗೆ ಎಷ್ಟು ಚಾಚಿದೆ ಅಂತ ಯಾರಾದ್ರೂ ನೋಡಿದ್ದೀರಾ? ಪ್ರತಿ ಸಲ ಅದೇ ನನ್ನ ಮೇಲೆ ಬೀಳೋಕೆ ಬರುತ್ತೆ."

ಇನ್ನೊಬ್ಬ ರೈತ ಎದ್ದು, "ನನಗೆ ಹೇಳೋಕೆ ಏನೂ ಇಲ್ಲ. ಆದ್ರೆ ನನ್ನ ಮೂರು ನಿಮಿಷ ನನಗೆ ಬೇಕು," ಎಂದು ಗಂಟೆ ಹೊಡೆಯುವ ತನಕ ಸುಮ್ಮನೆ ನಿಂತ. ಅವನಿಗೆ ಚಪ್ಪಾಳೆ ಬಿತ್ತು.

ಆಮೇಲೆ ಎಲ್ಡನ್ ಬುಕ್‌ಹೋಲ್ಟ್ ಎದ್ದು ಪಿಕಲ್‌ಬಾಲ್ ಆಡಿದರೆ ಮೊಣಕಾಲಿಗೆ ಆಗುವ ಉಪಕಾರಗಳನ್ನು ಹೇಳತೊಡಗಿದ. ಅದಕ್ಕೆ ಒಬ್ಬ ಎದ್ದು ಮಂಟಪದ ನೆಲ ಕುಣಿಯೋಕೆ ಕಟ್ಟಿದ್ದು ಎಂದ. ಮತ್ತೊಬ್ಬಳು ನಮ್ಮಜ್ಜ ಅಜ್ಜಿ ಅಲ್ಲೇ ಕುಣಿದದ್ದು ಎಂದಳು. ಪಾಹುವಾಳ ಅತ್ತೆ ಎದ್ದು, ನಮ್ಮ ಹೊಸವರ್ಷದ ಚೆಂಡಾಟಕ್ಕೂ ಆ ಮಂಟಪ ಆಗುತ್ತೆ, ಅಲ್ಲಿ ಬೀಗ ಯಾಕೆ ಹಾಕಿದ್ದೀರಿ ಎಂದು ಕೇಳಿದಳು. ಟೀಚರ ಪೆನ್ಸಿಲು ನಿಲ್ಲಲಿಲ್ಲ. ಯೋಜನೆಗೆ ಜನರ ಅಭಿಪ್ರಾಯ ಬೇಕೆಂದು ಅವರು ಗ್ರಂಥಾಲಯದಲ್ಲಿ ಕಾಫಿ ಬಿಸ್ಕತ್ತು ಇಟ್ಟು ಸಭೆ ಕರೆದಿದ್ದಾಗ ಬಂದಿದ್ದು ಕಾಲು ಬೆಚ್ಚಗೆ ಮಾಡಿಕೊಳ್ಳಲು ಬಂದ ಒಬ್ಬನೇ ಒಬ್ಬ. ಈಗ ಊರಿಗೆ ಊರೇ ಗ್ರೀಸು ವಾಸನೆಯ ಗರಾಜಿನಲ್ಲಿ ಸಂಸ್ಕೃತಿಯ ಬಗ್ಗೆ ಕಿತ್ತಾಡುತ್ತಿತ್ತು.

ಕೊನೆಗೆ ಲವರ್ನ್ ಎದ್ದಳು. "ನಾನೂ ಸಾರ್ವಜನಿಕಳೇ ತಾನೆ? ಲೆಕ್ಕಕ್ಕಿಲ್ಲದವಳು ಅಂದ್ರೆ ಅದೇ," ಎಂದು ಒಳಗೆ ಹೋಗಿ ಕಾನ್ಸರ್ಟಿನಾ ತಂದಳು. ಅವಳು ಮಾತಾಡಲಿಲ್ಲ, ನುಡಿಸಿದಳು. ಮೊದಲು ವಾದ್ಯ ಒಂದೆರಡು ಸಲ ಆಕಳಿಸಿತು, ಆಮೇಲೆ ಎಚ್ಚರವಾಯಿತು. ಮೂರು ನಿಮಿಷ ಆಗುವ ಹೊತ್ತಿಗೆ ನಾರ್ಬರ್ಟ್ ಏನು ಮಾಡಿದನೆಂದು ಬಲ್ಲವರು ಕಡಿಮೆ. ಗಂಟೆ-ಗಡಿಯಾರವನ್ನು ಎತ್ತಿಕೊಂಡು ಕೋಟಿನ ಜೇಬಿಗೆ ಹಾಕಿ ಅದರ ಮೇಲೆ ಕೈ ಒತ್ತಿ ಹಿಡಿದ. ಅದು ಅವನ ಅಂಗೈಯೊಳಗೆ ಗುಬ್ಬಿಯಂತೆ ಒದ್ದಾಡಿ ಸುಮ್ಮನಾಯಿತು.

ಅಂಗಳದಲ್ಲಿ ಜನ ಕುಣಿಯುತ್ತಿದ್ದರು. ಕ್ಲೀಟಸ್ ಟೀಚರ ಕೈಹಿಡಿದು ಕುಣಿಯುತ್ತಿದ್ದ. ನಾರ್ಬರ್ಟ್ ಮಾತ್ರ ಗರಾಜಿನ ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಅವನ ಕಾಲು ತಾಳ ಹಾಕದಂತೆ ಒಂದರ ಮೇಲೊಂದು ಇಟ್ಟು ಅದುಮಿದ್ದ. ಮೂರನೆಯ ಕಾಲು ಅಲ್ಲಾಡಿದರೆ ಒಮ್ಮತ, ಒಮ್ಮತ ಕಾರ್ಯಸೂಚಿಯಲ್ಲಿಲ್ಲ.

"ಬಾರೋ," ಎಂದಳು ಲವರ್ನ್, ನುಡಿಸುತ್ತಲೇ.

"ಆಗಲ್ಲ. ನಿನಗೋಸ್ಕರವೇ ಆಗಲ್ಲ."

ಅದನ್ನು ನೋಡಿ ಕ್ಲೀಟಸನ ಕುಣಿತದ ಹೆಜ್ಜೆ ತಪ್ಪಿತು. ಆದರೆ ಮುಂದಿನ ಸೋಮವಾರ ನಗರಸಭೆಯ ಬಾಗಿಲಲ್ಲಿ ಹೊಸ ಸೂಚನೆ ಅಂಟಿತ್ತು. ಸಾಸೇಜಿನ ಕೆಳಗೆ ಒಂದು ಪದ ಹೆಚ್ಚಾಗಿತ್ತು: ಕುಣಿತ. ಆ ಮಂಗಳವಾರ ನಾರ್ಬರ್ಟ್ ಕಾಯಿದೆಬದ್ಧವಾಗಿ ಕುಣಿದ. ಬೇರೆ ಯಾರದೋ ಕಾಲು ತುಳಿದು ಕಾಯಿದೆಬದ್ಧವಾಗಿ ಕ್ಷಮೆಯನ್ನೂ ಕೇಳಿದ.

ಹೀಗೆ ಮೇ ಬಂತು, ಮತದ ದಿನ ಬಂತು. ನಗರಸಭೆಯ ಸಭಾಂಗಣದಲ್ಲಿ ನಿಲ್ಲಲು ಜಾಗವಿರಲಿಲ್ಲ. ಡಾಕ್ಟರ ಕುರ್ಚಿಯೊಂದನ್ನು ಬಿಟ್ಟು ಆಯೋಗ ಪೂರ್ತಿ ಹಾಜರಿತ್ತು. ತಿಂಗಳ ಭೇಟಿಗೆ ಬಂದಿದ್ದ ವಕೀಲ ಥೋರ್ಸನ್ ಮೂಲೆಯಲ್ಲಿ ಕೂತಿದ್ದ. ಎಲ್ಡನ್ ಬುಕ್‌ಹೋಲ್ಟ್ ಎದ್ದುನಿಂತ.

"ನನ್ನದೊಂದು ದೂರು. ಈ ನಾಲ್ಕೂ ಜನ ವಾರವಾರ ವಾನೆಕ್‌ನ ಗರಾಜಿನಲ್ಲಿ ಸೇರಿ, ಸಾಸೇಜು ತಿಂದು, ಯಾವ ಕಾನ್ಸರ್ಟಿನಾ ಬಗ್ಗೆ ಇವತ್ತು ಮತ ಹಾಕ್ತಾರೋ ಅದೇ ಕಾನ್ಸರ್ಟಿನಾಕ್ಕೆ ಕುಣಿದಿದ್ದಾರೆ. ಕೋರಂ ಕುಣಿದಿದೆ. ಇವತ್ತಿನ ಮತ ರದ್ದಾಗಬೇಕು."

ರದ್ದು. ನಾರ್ಬರ್ಟನ ಕಿವಿಯಲ್ಲಿ ಬಾಯ್ಲರಿನ ಸೀಟಿ ಕೂಗಿತು. ಹಿಂದಿನ ಸಾಲಿನಲ್ಲಿ ಕಾನ್ಸರ್ಟಿನಾದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಲವರ್ನ್ ಅದನ್ನು ಮೆಲ್ಲನೆ ನೆಲಕ್ಕಿಳಿಸಿದಳು. ನಾರ್ಬರ್ಟ್ ಅದನ್ನು ನೋಡಿದ. ಕ್ಲೀಟಸನೂ ನೋಡಿದ, ನೋಡಿ ಮೇಜಿನ ಕೆಳಗೆ ಹೋಗುವಷ್ಟು ಕುಗ್ಗಿದ.

ಥೋರ್ಸನ್ ಮುಂದೆ ಬಂದ. "ಹಾಗೆ ನೋಡಿದರೆ, ಸೂಚನೆ ಹಚ್ಚಿದ್ದರೇ?"

"ಹಚ್ಚಿದ್ರು," ಎಂದಳು ಬರ್ನೀಸ್. "ನಾನು ಬರೋಕೆ ಮುಂಚೇನೇ ಬಂದು ಕೂತಿರ್ತಿದ್ರು. ಎಲ್ಲದಕ್ಕೂ ಮುದ್ರೆ ಇದೆ."

ವಕೀಲ ಒಂದೊಂದನ್ನೇ ಓದಿದ. ಎಲೆ ಕಲಸುವುದು ಎಂಬಲ್ಲಿ ಅವನ ಹುಬ್ಬು ಮೇಲೇರಿತು. ಜಗಳ ಎಂಬಲ್ಲಿ ಇನ್ನೂ ಮೇಲೇರಿತು. "ಕುಣಿತ ಕೂಡ ಇದೆ. ಜನರನ್ನು ಒಳಗೆ ಬಿಟ್ಟಿದ್ದರೇ?"

"ಬಿಟ್ಟಿದ್ರು," ಎಂದಳು ಹಿಲ್ಡೆಗಾರ್ಡ್ ಅಜ್ಜಿ. "ಈ ಎಲ್ಡನ್ನೇ ಬಂದು ಮೂರು ನಿಮಿಷ ಮೊಣಕಾಲಿನ ಮೇಲೆ ಭಾಷಣ ಮಾಡಿದ. ಎರಡು ಸಾಸೇಜೂ ತಿಂದ."

"ಒಂದೂವರೆ," ಎಂದ ಎಲ್ಡನ್.

"ಹಾಗೆ ನೋಡಿದರೆ," ಎಂದ ಥೋರ್ಸನ್, ಬಹಳ ಹೊತ್ತು ನೋಡಿದ ಮೇಲೆ, "ನನ್ನ ವೃತ್ತಿಯಲ್ಲಿ ಇಷ್ಟು, ಹ್ಹೆಂ, ನಿಷ್ಕಳಂಕ ಸಭೆಗಳನ್ನು ನಾನು ಕಂಡಿಲ್ಲ. ದೂರಿಗೆ ಆಧಾರವಿಲ್ಲ."

ಟೀಚರ್ ತಡಮಾಡದೆ ಮತಕ್ಕೆ ಹಾಕಿದರು. ನಾಲ್ಕು ಕೈ ಮೇಲೆದ್ದವು. ನಾರ್ಬರ್ಟ್ ಎರಡೂ ಕೈ ಎತ್ತಿದ್ದರಿಂದ ಐದು ಕಂಡವು. ಒಂದನ್ನು ಇಳಿಸಲು ಅವನಿಗೆ ಹೇಳಬೇಕಾಯಿತು. ಯೋಜನೆ ಪಾಸಾಯಿತು. ಮಂಟಪದ ಗುರುವಾರ ಊರಿಗೆ ವಾಪಸ್ಸು ಬಂತು. ಲವರ್ನ್ ಪೆಟ್ಟಿಗೆಯನ್ನು ಮತ್ತೆ ತೊಡೆಯ ಮೇಲೆ ಎತ್ತಿಟ್ಟುಕೊಂಡಳು.

ಥೋರ್ಸನ್ ಚೀಲ ಮುಚ್ಚುತ್ತಾ ತಿರುಗಿ ನಿಂತ. "ಒಂದು ಕುತೂಹಲ, ಮಿಸ್ಟರ್ ವಾನೆಕ್. ಗೆಳೆಯರು ಸೇರಿ ಇಸ್ಪೀಟು ಆಡುವುದಕ್ಕೆ ಸೂಚನೆಯ ಅಗತ್ಯವೇ ಇರಲಿಲ್ಲ. ಮೀನು ತಿನ್ನುವುದಕ್ಕೂ ಇಲ್ಲ. ನೀವು ಯಾಕೆ ಹಚ್ಚಿದಿರಿ?"

"ನೀವೇ ಹೇಳಿದ್ರಲ್ಲ ಸಾರ್. ಫೋನಿನಲ್ಲಿ."

"ನಾನು ನಿಮಗೆ ಫೋನು ಮಾಡಿಯೇ ಇಲ್ಲ."

ಅಷ್ಟರಲ್ಲಿ ನಾರ್ಬರ್ಟನ ಪಕ್ಕದ ಕುರ್ಚಿಯಿಂದ, ಗಾಬರಿಗೋ ಅಭ್ಯಾಸಬಲಕ್ಕೋ, ಸಣ್ಣದೊಂದು ಸದ್ದು ಹೊರಟಿತು.

"ಹ್ಹೆಂ."

ನಾರ್ಬರ್ಟ್ ನಿಧಾನವಾಗಿ ಕುತ್ತಿಗೆ ತಿರುಗಿಸಿ ಕ್ಲೀಟಸನನ್ನು ನೋಡಿದ. ವಕೀಲನನ್ನು ನೋಡಿದ. ಮತ್ತೆ ಕ್ಲೀಟಸನನ್ನು ನೋಡಿದ. ಪಿಕಪ್ಪಿನಲ್ಲಿ ತಣ್ಣಗಾದ ಮೀನು, ಚರ್ಚಿನ ಹೊಸ್ತಿಲು, ಬಾಗಿಲ ಚೌಕಟ್ಟನ್ನು ತಬ್ಬಿಕೊಂಡು ನಿಂತಿದ್ದ ಸಂಜೆ, ಎಲ್ಲ ಸಾಲಾಗಿ ಅವನ ಕಣ್ಣ ಮುಂದೆ ಹಾದುಹೋದದ್ದು ಇಡೀ ಊರಿಗೆ ಕಂಡಿತು.

"ನಾರ್ಬ್," ಎಂದ ಕ್ಲೀಟಸ್, ತನ್ನ ಸ್ವಂತ ದನಿಯಲ್ಲಿ. "ಆಟಕ್ಕೋಸ್ಕರ ಕಣೋ. ಬರೀ ಆಟಕ್ಕೋಸ್ಕರ."

"ನಾನು ಫೋನಿಗೆ ಟೋಪಿ ತೆಗೆದು ಎದ್ದು ನಿಂತಿದ್ದೆ," ಎಂದ ನಾರ್ಬರ್ಟ್.

ಅಷ್ಟು ಹೇಳುವಷ್ಟರಲ್ಲಿ ಅವನ ಹೊಟ್ಟೆಯ ತಳದಲ್ಲೆಲ್ಲೋ ಹಬೆ ಕಟ್ಟತೊಡಗಿತು. ಭುಜ ಕುಲುಕಿತು, ಮುಖ ಕೆಂಪಾಯಿತು, ಕಣ್ಣು ಮುಚ್ಚಿಕೊಂಡವು. ಆಮೇಲೆ ಒಡೆದ ಆ ನಗೆಗೆ ಮೇಜಿನ ಮೇಲಿದ್ದ ನೀರಿನ ಲೋಟಗಳು ಗಲಗಲ ಎಂದವು. ಮೊದಲು ಲವರ್ನ್ ನಕ್ಕಳು, ಪಾಹುವಾ ನಕ್ಕಳು, ಹಿಲ್ಡೆಗಾರ್ಡ್ ಅಜ್ಜಿ ಕುರ್ಚಿ ಹಿಡಿದುಕೊಂಡಳು. ಎಲ್ಡನ್‌ನೂ ತಡೆಯಲಾರದೆ ಒಂದೂವರೆ ಸಲ ನಕ್ಕ. ಎಲ್ಲರ ಮೇಲೂ ಏರಿ ಕೇಳಿಸುತ್ತಿದ್ದದ್ದು ನಾರ್ಬರ್ಟನ ನಗು.

"ನಗುವುದು ಇವತ್ತಿನ ಕಾರ್ಯಸೂಚಿಯಲ್ಲಿ ಇಲ್ಲ, ನಾರ್ಬರ್ಟ್," ಎಂದರು ಟೀಚರ್, ಸುತ್ತಿಗೆ ಕುಟ್ಟುತ್ತಾ, ತಾವೂ ಕಣ್ಣೊರೆಸಿಕೊಳ್ಳುತ್ತಾ.

"ಗೊತ್ತು ಟೀಚರ್," ಎಂದ ಅವನು, ಮಾತು ಸಿಕ್ಕ ಸಂದಿಯಲ್ಲಿ. "ನಾನು ಈಗ ಸಾರ್ವಜನಿಕ."

ಬರ್ನೀಸ್ ತನ್ನ ಕೆಲಸ ಬಿಡುವವಳಲ್ಲ, ಗಡಿಯಾರ ತಿರುಗಿಸಿಟ್ಟಳು. ಮೂರು ನಿಮಿಷ ಆದಮೇಲೆ ಗಂಟೆ ಹೊಡೆಯಿತಂತೆ. ನಾರ್ಬರ್ಟನ ನಗೆಯಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.